ಚರಂಡಿಗೆ ಸುರಿದ ಒಂದು ಕೊಡ ಸಿಹಿನೀರು

ಎರಡು ಸಾವಿರದ ಮೂರನೆಯ ಇಸವಿ, ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಚೆನ್ನೈನ ಪೆರಂಬೂರಿನಲ್ಲಿ ನಾವು ಬಾಡಿಗೆಗಿದ್ದ ಹನ್ನೆರಡು ಮನೆಗಳ ಕಟ್ಟಡದ ಗೇಟಿನ ಎಡಗಂಬದ ಪಕ್ಕ ನಾನು ನಿಂತಿದ್ದೆ. ಎದುರಿಗೆ ಮೂರು ಹೆಜ್ಜೆ ದೂರದಲ್ಲಿ ನೀರಿನ ಲಾರಿ. ನನ್ನ ಬಲಕ್ಕೆ ಪಚ್ಚೈಯಮ್ಮನ ಇಸ್ತ್ರಿ ಗಾಡಿ. ಎಡಕ್ಕೆ, ಮೇಲಿನ ಚಪ್ಪಡಿ ಒಡೆದುಹೋಗಿದ್ದ ಚರಂಡಿ. ಬೆಳಕು ಚೆನ್ನಾಗಿತ್ತು. ನಾನು ಕನ್ನಡಕ ಹಾಕಿಕೊಂಡಿದ್ದೆ. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ಎಲ್ಲರೂ ಮಾಸ್ಟರ್ ಎಂದು ಕರೆಯುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು, ತಮ್ಮ ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ, ಬಗ್ಗಿ, ಅಷ್ಟೂ ನೀರನ್ನು ಆ ಚರಂಡಿಗೆ ಸುರಿದರು. ಅದಕ್ಕೆ ಒಂದು ನಿಮಿಷ ಮುಂಚೆ ಆ ಕೊಡವನ್ನು ನಾನು ಮುಟ್ಟಿದ್ದೆ.

ಆ ಬೇಸಿಗೆಯಲ್ಲಿ ಚೆನ್ನೈನಲ್ಲಿದ್ದವರಿಗೆ ಒಂದು ಕೊಡ ಸಿಹಿನೀರು ಅಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಇರದಿದ್ದವರಿಗೆ ಇಷ್ಟು ಹೇಳುತ್ತೇನೆ: ನಮ್ಮ ಬೋರಿನ ನೀರಿನಲ್ಲಿ ಸೋಪು ನೊರೆ ಬರುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ. ಕುಡಿಯಲು, ಅಡುಗೆಗೆ, ಎಲ್ಲಕ್ಕೂ ಆ ಲಾರಿಯೇ ಗತಿ. ಅಕ್ಕಿ ತೊಳೆದ ನೀರನ್ನೂ ಯಾರೂ ಚೆಲ್ಲುತ್ತಿರಲಿಲ್ಲ.

ಹೀಗೆ ಗಂಟೆ, ಹೆಜ್ಜೆ, ಎಡ, ಬಲ ಎಂದು ಬರೆಯುವುದು ನನಗೆ ಕೆಲಸದಿಂದ ಬಂದ ಅಭ್ಯಾಸ. ವಿಮಾ ಕಚೇರಿಯೊಂದರಲ್ಲಿ ಬೆಂಕಿ ಅನಾಹುತದ ಕಡತಗಳನ್ನು ನೋಡುವವನು ನಾನು. ಸೌಕಾರ್‌ಪೇಟೆಯಲ್ಲಿ ಬಟ್ಟೆ ಗೋದಾಮು ಸುಟ್ಟರೆ, ನೋಡಿದವರ ಹೇಳಿಕೆ ಮೊದಲು ನನ್ನ ಮೇಜಿಗೆ ಬರುತ್ತದೆ. ನೀವು ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಾಗಿತ್ತು, ಬೇರೆ ಯಾರು ನೋಡಿದರು. ಈ ಮೂರಕ್ಕೆ ಉತ್ತರವಿಲ್ಲದ ಹೇಳಿಕೆಯನ್ನು ನಾನು ವಾಪಸು ಕಳಿಸುತ್ತೇನೆ. ಆರು ವರ್ಷ ನನ್ನ ಹೇಳಿಕೆಯನ್ನು ನಾನೇ ಬರೆದಿರಲಿಲ್ಲ. ಸಿಟ್ಟಿನಲ್ಲಿ ಬರೆಯಬಾರದು, ಇಳಿಯಲಿ ಎಂದು ಕಾದೆ. ಇಳಿದಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಆದರೆ ಕಂಡಷ್ಟನ್ನೇ ಬರೆಯುತ್ತೇನೆ.

ನನಗಿರುವುದು ಸೋರಿಯಾಸಿಸ್. ಅದು ಏನು, ಯಾಕೆ ಬರುತ್ತದೆ ಎಂದು ವಿವರಿಸುವುದು ನನ್ನ ಕೆಲಸವಲ್ಲ. ಅಂಟುವುದಿಲ್ಲ ಎಂಬ ಒಂದು ಮಾತು ಸಾಕು. ತೊಂಬತ್ತೆಂಟರಲ್ಲಿ ಎಡ ಮೊಣಕೈ ಹಿಂದೆ ಎಂಟಾಣೆ ಅಗಲದ ಒಂದು ಕೆಂಪು ಮಚ್ಚೆಯಾಗಿ ಶುರುವಾಯಿತು. ಬೀದಿಯ ಕೊನೆಯಲ್ಲಿದ್ದ ಡಾಕ್ಟರು ಹುಳುಕಡ್ಡಿ ಎಂದರು. ಹನ್ನೊಂದು ತಿಂಗಳು ಹುಳುಕಡ್ಡಿಯ ಮುಲಾಮು ಹಚ್ಚಿಸಿದರು. ಪ್ರತಿ ಸಲ ಹೋದಾಗಲೂ ದೂರದಿಂದ ಟಾರ್ಚು ಬಿಟ್ಟು ನೋಡಿ, "ಕ್ಲೀನಾ ಇರುಕ್ಕೀಂಗಳಾ?" ಎಂದು ಕೇಳುತ್ತಿದ್ದರು, ಶುಚಿಯಾಗಿದ್ದೀರಾ ಎಂದು. ನಾನು ದಿನಕ್ಕೆ ಎರಡು ಸ್ನಾನ ಮಾಡುತ್ತಿದ್ದವನು ಮೂರು ಮಾಡಿದೆ. ಅಷ್ಟರಲ್ಲಿ ಮಚ್ಚೆ ಮೊಣಕಾಲಿಗೆ, ಬೆನ್ನಿಗೆ, ತಲೆಗೆ ಬಂದಿತ್ತು. ಆಮೇಲೆ ಅಂಗೈಗೆ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಾಗ ನೋಡಿದ ಆ ಕಾಯುವ ಕೋಣೆಯನ್ನು ಮರೆಯಲಾರೆ. ಹದಿನೆಂಟು ಕುರ್ಚಿ, ಒಂಬತ್ತು ಜನ. ಪ್ರತಿಯೊಬ್ಬರೂ ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಕೂತಿದ್ದರು. ನಮ್ಮನ್ನು ಮುಟ್ಟಲು ಹೆದರುವ ಊರಿನಿಂದ ತಪ್ಪಿಸಿಕೊಂಡು ಅಲ್ಲಿಗೆ ಬಂದಿದ್ದೆವು. ಬಂದು, ಒಬ್ಬರನ್ನೊಬ್ಬರು ಮುಟ್ಟಲು ಹೆದರಿ ಕೂತಿದ್ದೆವು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಎಲ್ಲರದೂ ತುಂಬುತೋಳಿನ ಬಟ್ಟೆ.

ಡಾಕ್ಟರು ವಯಸ್ಸಾದ ಹೆಂಗಸು. ಮಾತಿಗೆ ಮುಂಚೆ ನನ್ನ ಅಂಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು ಬಿರುಕುಗಳ ಮೇಲೆ ಹೆಬ್ಬೆರಳು ಆಡಿಸಿದರು, ಬರಿಗೈಯಲ್ಲಿ. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಮನೆಯಲ್ಲೇ ಇಟ್ಟುಕೊಂಡು ಪಳಗಿಸಬಹುದು ಎಂದರು. ನನ್ನ ಪಕ್ಕದಲ್ಲಿದ್ದ ವಿಮಲಾ, ನನ್ನ ಹೆಂಡತಿ, ಮೊದಲರ್ಧ ಕೇಳಿ ಅತ್ತಳು. ನಾನು ಆ ಹೆಬ್ಬೆರಳನ್ನು ನೋಡುತ್ತಿದ್ದೆ. ಒಂದು ವರ್ಷದಿಂದ ಮನೆಯವರಲ್ಲದ ಯಾರೂ ನನ್ನನ್ನು ಮುಟ್ಟಿರಲಿಲ್ಲ.

ಪಳಗಿಸುವುದು ಎಂದರೆ ಹೀಗೆ. ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆಗೆ ಉದುರಿದ ಚರ್ಮದ ಹೊಟ್ಟನ್ನು ಕೊಡವಿ ಗುಡಿಸಬೇಕು. ಉಗುರುಬೆಚ್ಚಗಿನ ನೀರನ್ನು ಸಣ್ಣಗೆ ಹೊಯ್ದುಕೊಳ್ಳುತ್ತಾ ಕಾಲು ಗಂಟೆ ಮೈ ನೆನೆಸಬೇಕು. ಒರೆಸಬಾರದು, ಬಟ್ಟೆಯಿಂದ ಒತ್ತಬೇಕು. ತೇವ ಆರುವ ಮುಂಚೆ ಮುಲಾಮು ಹಚ್ಚಬೇಕು. ಅದು ಟಾರಿನ ಮುಲಾಮು, ಹೊಸದಾಗಿ ರಸ್ತೆ ಹಾಕುವಾಗಿನ ವಾಸನೆ. ಅದರ ಮೇಲೆ ಹಳೆಯ ಪಂಚೆ ಸುತ್ತಿಕೊಂಡು ಅರ್ಧ ಗಂಟೆ ಕೂರಬೇಕು. ಸಂಜೆ ಕೊಬ್ಬರಿ ಎಣ್ಣೆ. ಡಾಕ್ಟರು ಒತ್ತಿ ಹೇಳಿದ್ದು ಒಂದೇ: ಸಿಹಿನೀರಿನಲ್ಲಿ ಸ್ನಾನ ಮಾಡಿ, ನಿಮ್ಮ ಬೋರಿನ ಉಪ್ಪುನೀರು ಬೇಡ. ದಿನಕ್ಕೆ ಎರಡು ಕೊಡ ಸಾಕಾಗುತ್ತಿತ್ತು. ಆ ಎರಡು ಕೊಡ ಸಿಕ್ಕರೆ ನಾನು ಪೆನ್ನು ಹಿಡಿಯಬಲ್ಲ, ಮೆಟ್ಟಿಲು ಹತ್ತಬಲ್ಲ ಮನುಷ್ಯ. ನಾಲ್ಕು ದಿನ ಸಿಗದಿದ್ದರೆ ಅಂಗೈ ಸೀಳಿ ಕಡತಗಳ ಮೇಲೆ ರಕ್ತದ ಗುರುತು ಬೀಳುತ್ತಿತ್ತು.

ಬೆನ್ನಿನ ನಡುವೆ ನನ್ನ ಕೈಗೆ ಎಟುಕದ ಒಂದು ಜಾಗವಿತ್ತು. ಅಲ್ಲಿಗೆ ಮುಲಾಮು ಹಚ್ಚುವುದು ಮಗಳು ಅಂಜನಾಳ ಕೆಲಸ. ಶುರುವಾದಾಗ ಅವಳಿಗೆ ಐದು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ. ಬೆರಳಲ್ಲಿ ಮುಲಾಮು ತೆಗೆದುಕೊಂಡು, "ಅಪ್ಪಾ, ರೋಡ್ ಪೋಡಲಾಮಾ?" ಎನ್ನುತ್ತಿದ್ದಳು. ರಸ್ತೆ ಹಾಕೋಣವಾ ಎಂದು. ಹಾಕುತ್ತಾ ಹಾಕುತ್ತಾ ಬಾಯಲ್ಲಿ ರೋಲರಿನ ಸದ್ದು ಮಾಡುತ್ತಿದ್ದಳು.

ನೆರೆಯವರ ಮೇಲಿನ ಸಿಟ್ಟಿಗೆ ಮುಂಚೆ ಮನೆಯದನ್ನು ಬರೆಯಬೇಕು. ಇಲ್ಲದಿದ್ದರೆ ಹೇಳಿಕೆ ಪೂರ್ತಿಯಾಗುವುದಿಲ್ಲ. ಎಣ್ಣೆಯ ಡಬ್ಬ ಹಿಡಿದು ತಿಪಟೂರಿನಿಂದ ಬಂದ ನನ್ನ ತಾಯಿ ಒಂದು ತಿಂಗಳು ನಮ್ಮ ಜೊತೆಗಿದ್ದರು. ತಾವೇ ಕೂರಿಸಿ ತಲೆಗೆ ಎಣ್ಣೆ ಒತ್ತಿದರು. ಅದೇ ತಾಯಿ ಎರಡನೇ ದಿನ ನನ್ನ ಲೋಟ, ತಟ್ಟೆಗಳನ್ನು ಸ್ಟ್ಯಾಂಡಿನಿಂದ ತೆಗೆದು ಕಿಟಕಿಯ ಕಟ್ಟೆ ಮೇಲಿಟ್ಟರು.

"ಏನಮ್ಮಾ ಇದು?" ಎಂದೆ.

"ಏನಿಲ್ಲ ಕಣೋ, ಮಗು ಇರೋ ಮನೆ ನೋಡು. ನಿನ್ನದು ನಿಂಗಿರ್ಲಿ ಅಂತ."

"ಅತ್ತೇ, ಡಾಕ್ಟ್ರು ಅಂಟಲ್ಲ ಅಂದವ್ರೆ," ಎಂದಳು ವಿಮಲಾ.

"ಡಾಕ್ಟ್ರು ಅವರ ಮನೇಲಿ ಮಲಗ್ತಾರಮ್ಮ. ಇಲ್ಲಿರೋಳು ನೀನು."

ತಾಯಿ ಊರಿಗೆ ಹೋದ ಮೇಲೂ ಲೋಟ ಕಟ್ಟೆಯ ಮೇಲೇ ಉಳಿಯಿತು. ವಿಮಲಾ ಎರಡು ಸಲ ಸ್ಟ್ಯಾಂಡಿಗೆ ಹಾಕಿದಳು. ಎರಡು ಸಲವೂ ತೆಗೆದು ಹೊರಗಿಟ್ಟವನು ನಾನೇ. ಬೇರೆಯವರಿಗೆ ತೊಂದರೆ ಯಾಕೆ ಎನ್ನುವುದು ನನ್ನ ಮಾತಾಗಿತ್ತು. ಈಗ ಆ ಮಾತು ಕಿವಿಗೆ ಬಿದ್ದರೆ ನನಗೆ ನನ್ನ ಮೇಲೇ ಕೈ ಎತ್ತಬೇಕೆನಿಸುತ್ತದೆ.

ಎರಡು ಸಾವಿರದ ಎರಡರ ಕೊನೆಗೆ ನಲ್ಲಿ ಪೂರ್ತಿ ನಿಂತಿತು. ದಿನ ಬಿಟ್ಟು ದಿನ ಬೆಳಿಗ್ಗೆ ಲಾರಿ. ಮನೆಗೆ ಎಂಟು ಕೊಡ. ಲಾರಿ ನಿಲ್ಲುವುದು ಇಪ್ಪತ್ತೇ ನಿಮಿಷ. ಆದ್ದರಿಂದ ಮಾಸ್ಟರು ಒಂದು ಏರ್ಪಾಡು ಮಾಡಿದ್ದರು. ಕೊಡಗಳನ್ನೆಲ್ಲ ಮುಂಚೆಯೇ ಸಾಲಾಗಿ ಇಡಬೇಕು. ಒಂದೊಂದು ದಿನ ಒಂದೊಂದು ಮನೆಯ ಗಂಡಸು ಪೈಪು ಹಿಡಿದು ಎಲ್ಲರ ಕೊಡಗಳನ್ನೂ ತುಂಬಬೇಕು. ಸರದಿಯ ಪಟ್ಟಿಯನ್ನು ಮೆಟ್ಟಿಲ ಕೆಳಗೆ ಅಂಟಿಸಿದ್ದರು, ಅವರದೇ ದುಂಡು ಅಕ್ಷರದಲ್ಲಿ. ಪೈಪು ಹಿಡಿಯುವವನಿಗೆ ಒಂದು ಗತ್ತು ಇರುತ್ತಿತ್ತು. ನನಗೂ ಇತ್ತು.

ಕಾವೇರಿಯ ಗಲಾಟೆ ಜೋರಾಗಿದ್ದ ದಿನಗಳವು. ನಾವು ತಿಪಟೂರಿನ ಕಡೆಯವರು ಎಂದು ಎಷ್ಟು ಹೇಳಿದರೂ ಆ ಕಟ್ಟಡಕ್ಕೆ ನಾನು 'ಬೆಂಗಳೂರ್ ಸಾರ್'. ನನ್ನ ಸರದಿಯ ದಿನ ಮಾಸ್ಟರು ಎಲ್ಲರಿಗೂ ಕೇಳುವಂತೆ, "ಪಾರುಂಗ, ತಣ್ಣಿ ತರಮಾಟ್ಟೇನ್ನು ಸೊಲ್ಲಿಟ್ಟು, ಇಂಗ ವಂದು ತಣ್ಣಿ ಪುಡಿಕ್ಕಿರಾರ್," ಎಂದರು. ಅಲ್ಲಿ ನೀರು ಕೊಡಲ್ಲ ಎಂದು ಹೇಳಿ ಇಲ್ಲಿ ಬಂದು ನೀರು ಹಿಡಿಯುತ್ತಿದ್ದಾರೆ ನೋಡಿ, ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದರಲ್ಲಿ ವಿಷವಿರಲಿಲ್ಲ. ಅಂಜನಾಗೆ ಮೆಟ್ಟಿಲ ಮೇಲೆ ಕೂರಿಸಿಕೊಂಡು ಭಿನ್ನರಾಶಿಯ ಲೆಕ್ಕ ಹೇಳಿಕೊಟ್ಟವರು ಅದೇ ಮಾಸ್ಟರು.

ಮಾರ್ಚ್ ತಿಂಗಳಲ್ಲಿ ನನ್ನ ಅಂಗೈ ಕೆಟ್ಟಿತು. ಪೈಪಿನ ರಬ್ಬರು ಉಜ್ಜಿದರೆ ಸೀಳು ತೆರೆದುಕೊಳ್ಳುತ್ತಿತ್ತು. ಜೊತೆಗೆ, ನನ್ನ ಕೈ ನೋಡಿ ನಾಲ್ಕು ಜನಕ್ಕೆ ಅಸಹ್ಯವಾಗಬಾರದಲ್ಲ? ಬಿಳಿಯ ಹತ್ತಿಯ ಕೈಗವಸು ಕೊಂಡು, ಹಾಕಿಕೊಂಡು ಹೋಗಿ ಪೈಪು ಹಿಡಿದೆ. ಇದು ಮರ್ಯಾದೆ ಎಂದುಕೊಂಡಿದ್ದೆ. ಐದು ವರ್ಷ ತುಂಬುತೋಳಿನ ಅಂಗಿಯಲ್ಲಿ ಬಚ್ಚಿಟ್ಟದ್ದನ್ನು ಆ ಎರಡು ಬಿಳಿ ಚೀಲಗಳು ಒಂದೇ ಬೆಳಿಗ್ಗೆ ಹನ್ನೆರಡು ಮನೆಗೂ ಸಾರಿದವು.

ಮುಂದಿನ ವಾರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಒಂದು ಗೆರೆ. ಸ್ಕೇಲು ಇಟ್ಟು ಎಳೆದದ್ದು. ಕೇಳಿದೆ. "ನೀಂಗ ಯೇನ್ ಸಾರ್ ಕಷ್ಟಪಡಣುಂ? ನಾಂಗ ಪಾತ್ತುಕ್ಕುರೋಂ," ಎಂದರು ಮಾಸ್ಟರು. ನೀವ್ಯಾಕೆ ಕಷ್ಟಪಡಬೇಕು, ನಾವು ನೋಡಿಕೊಳ್ಳುತ್ತೇವೆ. ಧ್ವನಿಯಲ್ಲಿ ಬೆಣ್ಣೆ. ಅದರ ಮುಂದಿನ ಸಲ ನಮ್ಮ ಕೊಡಗಳು ಸಾಲಿನ ಕೊನೆಯಲ್ಲಿದ್ದವು, ಉಳಿದವುಗಳಿಂದ ಒಂದು ಮೊಳ ದೂರದಲ್ಲಿ. ಪೈಪು ಅಲ್ಲಿಗೆ ಬರುವ ಹೊತ್ತಿಗೆ ಲಾರಿಯಲ್ಲಿ ನೀರು ತಳ ಹಿಡಿದಿರುತ್ತಿತ್ತು. ಎಂಟು ಕೊಡದ ಬದಲು ಐದು, ಆಮೇಲೆ ನಾಲ್ಕು.

ನಾನು ಮಾಡಿದ ತಪ್ಪು ಈಗ ಬರುತ್ತದೆ. ಇದೆಲ್ಲ ಕಾವೇರಿಯಿಂದಾದದ್ದು ಎಂದು ನಾನು ತೀರ್ಮಾನಿಸಿದೆ.

ವಿಮಲಾಗೆ ಹೇಳಿದೆ: "ನಾವು ಕನ್ನಡದೋರು ಅಂತ ಹಿಂಗೆ ಮಾಡ್ತಿದಾರೆ. ಪೇಪರಲ್ಲಿ ಬಂದಿದ್ದೆಲ್ಲ ನಮ್ಮ ತಲೆ ಮೇಲೆ."

ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಮೇಲ್ಗಡೆ ಮನೆ ನಾಯ್ಡು ಅವ್ರೂ ತಮಿಳಿನೋರಲ್ಲ. ಅವ್ರ ಕೊಡ ಮುಂದೇನೇ ಐತೆ."

"ಆಂಧ್ರದ್ದು ಬೇರೆ ವಿಷಯ."

"ರೀ, ನೀವು ಗ್ಲೌಸ್ ಹಾಕ್ಕೊಂಡು ಹೋದ್ರೆ ಅವ್ರು ಸೆರಗು ಎಳ್ಕೊಳ್ತಾರೆ. ನಂಗೆ ಕಾಣುಸ್ತದೆ. ನಿಮಗೆ ಕಾಣ್ಸಲ್ವಾ?"

ಕಾಣುತ್ತಿತ್ತು. ಆದರೆ ಕನ್ನಡಿಗ ಎಂದು ಅವಮಾನವಾದರೆ ಆ ಅವಮಾನದಲ್ಲಿ ನನ್ನ ಜೊತೆ ಒಂದು ರಾಜ್ಯವೇ ಇರುತ್ತದೆ. ಚರ್ಮದ ಅವಮಾನದಲ್ಲಿ ನಾನೊಬ್ಬನೇ. ನಾನು ಜನ ಇರುವ ಕಡೆ ಹೋಗಿ ನಿಂತೆ. ಇನ್ನೊಂದು ಅನುಕೂಲವೂ ಇತ್ತು. ಚೆನ್ನೈನಲ್ಲಿ ಆ ವರ್ಷ ಕನ್ನಡದವನೊಬ್ಬ ನೀರು ಕೊಡಿ ಎಂದು ಜಗಳ ತೆಗೆದರೆ ಅದು ಯಾವ ಜಗಳವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಸುಮ್ಮನಿರುವುದೇ ಜಾಣತನ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಹೇಡಿತನಕ್ಕೆ ಇಷ್ಟು ಒಳ್ಳೆಯ ಬಟ್ಟೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ರಾಜಿಗೆ ಹೋದೆ. ವಿಮಲಾ ಮಾಡಿದ ಕೊಬ್ಬರಿ ಮಿಠಾಯಿಯನ್ನು ಡಬ್ಬಿಯಲ್ಲಿ ಹಾಕಿಕೊಂಡು, ಒಂದು ಭಾನುವಾರ ಸಂಜೆ ಮಾಸ್ಟರ ಬಾಗಿಲು ತಟ್ಟಿದೆ. ಅಣ್ಣತಮ್ಮಂದಿರ ಮನೆಯಲ್ಲಿ ನೀರಿಗೆ ವ್ಯಾಜ್ಯ ಇದ್ದದ್ದೇ, ನಾವು ನೀವು ಮನಸ್ಸು ಕೆಡಿಸಿಕೊಳ್ಳುವುದು ಬೇಡ ಎಂದು, ನನ್ನ ಮುರುಕು ತಮಿಳಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತನ್ನೆಲ್ಲ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಕೇಳಿದರು. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. "ಅದೆಲ್ಲಾಂ ಒಣ್ಣುಂ ಇಲ್ಲೈ ಸಾರ್," ಎಂದರು. ಅಂಥದ್ದೇನೂ ಇಲ್ಲ ಎಂದು. ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಗಿದ್ದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರು. ಒಳಗೆ ಕರೆಯಲಿಲ್ಲ. ರಾಜಿಯಾಯಿತು ಎಂದುಕೊಂಡು ನಾನು ಮನೆಗೆ ಬಂದೆ.

ಮರುದಿನ ಅಂಗಿಗಳನ್ನು ತರಲು ಹೋದಾಗ ಆ ಡಬ್ಬಿ ಪಚ್ಚೈಯಮ್ಮನ ಇಸ್ತ್ರಿ ಗಾಡಿಯಲ್ಲಿತ್ತು, ಅರ್ಧ ಖಾಲಿ. ಪಚ್ಚೈಯಮ್ಮ ಆ ಗೇಟಿನ ಪಕ್ಕ ಹದಿನೈದು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದವಳು. ಕೆಂಡದ ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು.

"ನಿಮ್ಮ ಡಬ್ಬಿನಾ ಸಾರ್? ಮಾಸ್ಟರ್ ಮನೆಯಿಂದ ಕೊಟ್ಟರು," ಎಂದಳು ಅವಳ ತಮಿಳಿನಲ್ಲಿ. "ನಂಗೆ ಕೊಡೋವಾಗ ಆ ಮನೆ ಅಮ್ಮ ಏನಂದರು ಗೊತ್ತಾ? ಬೆಂಗಳೂರ್ ಸಾರ್ ಮನೇದು, ನಾವು ತಿನ್ನಲ್ಲ, ಆ ವ್ಯಾಧಿ ನಮಗೆ ಬೇಡ ಅಂತ." ನಕ್ಕಳು. "ಅವರಿಗೆ ಬೇಡವಂತೆ, ನಂಗೆ ಪರವಾಗಿಲ್ಲವಂತೆ. ತುಂಬಾ ಚೆನ್ನಾಗಿದೆ ಸಾರ್, ಅಕ್ಕಂಗೆ ಹೇಳಿ."

ಅಂಗಿಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯ ತಿರುವಿನಲ್ಲಿ ಕೂತುಕೊಂಡೆ. ಕಾವೇರಿ ನನ್ನ ಕೈಬಿಟ್ಟಿತ್ತು.

ಆ ದಿನದಿಂದ ಜೂನ್‌ವರೆಗೆ ಏಳು ವಾರ. ಆ ಏಳು ವಾರದಲ್ಲಿ ನನ್ನ ಸ್ನಾನದ ಎರಡು ಕೊಡ ಒಂದಾಯಿತು, ಒಂದು ಅರ್ಧವಾಯಿತು. ಕುಡಿಯಲು, ಅಡುಗೆಗೆ ಬಿಟ್ಟು ಮಿಕ್ಕಿದ್ದನ್ನು ವಿಮಲಾ ನನಗೆ ತೆಗೆದಿಡುತ್ತಿದ್ದಳು. ಅವಳೂ ಮಗಳೂ ಬೋರಿನ ನೀರಲ್ಲೇ ಮಿಂದು, ಇಬ್ಬರ ಕೂದಲೂ ನಾರಿನಂತಾಗಿತ್ತು. ನಾನು ಮೂರು ದಿನಕ್ಕೊಮ್ಮೆ ಮೈ ನೆನೆಸುತ್ತಿದ್ದೆ. ಮೊಣಕಾಲು ಮಡಿಸಿದರೆ ಒಡೆಯುತ್ತಿತ್ತು. ಕಚೇರಿಯಲ್ಲಿ ಪೆನ್ನಿಗೆ ಬಟ್ಟೆ ಸುತ್ತಿ ಬರೆಯುತ್ತಿದ್ದೆ. ಅಂಜನಾಗೆ, "ಬೇಡ ಮರೀ, ನೀನು ಮುಟ್ಟಬೇಡ," ಎಂದು ಬೆನ್ನಿಗೆ ಮುಲಾಮು ಹಚ್ಚುವುದನ್ನು ನಿಲ್ಲಿಸಿದೆ. ಯಾಕೆ ಎಂದು ಕೇಳಿದಳು. ನನಗೆ ಗೊತ್ತಿದ್ದ ಸತ್ಯವನ್ನು ನಾನೇ ನಂಬದೇ ಹೋದೆ. ಹನ್ನೊಂದು ಮನೆಯವರು ದಿನ ಬಿಟ್ಟು ದಿನ, ಮಾತಿಲ್ಲದೆ, ನಗುನಗುತ್ತಲೇ ಹೇಳಿದರೆ ನಂಬದೇ ಇರುವುದು ಕಷ್ಟ.

ಆ ಮಂಗಳವಾರಕ್ಕೆ ಬರುತ್ತೇನೆ.

ಆ ದಿನ ಪೈಪು ಹಿಡಿಯುವ ಸರದಿ ಮಾಸ್ಟರದೇ. ನಾನು ಕೈಗವಸು ಹಾಕಿಕೊಂಡು ಕಂಬದ ಪಕ್ಕ ನಿಂತಿದ್ದೆ. ವಿಮಲಾ ಸಾಲಿನ ಕೊನೆಯಲ್ಲಿ ನಮ್ಮ ನೀಲಿ ಕೊಡಗಳ ಹತ್ತಿರ ಇದ್ದಳು. ಮೂರನೇ ಮಹಡಿಯ ಲಲಿತಾ ಮಾಮಿ ತಮ್ಮ ಕೊಡಕ್ಕೆ ಮುಚ್ಚಳ ಹಾಕುತ್ತಿದ್ದರು. ಇನ್ನೂ ಐದಾರು ಜನ ಇದ್ದರು. ಮಾಸ್ಟರು ತಮ್ಮ ತುಂಬಿದ ಕೊಡವೊಂದನ್ನು ಎತ್ತಿ ಕಂಬದ ಬುಡದ ಕಟ್ಟೆ ಮೇಲಿಟ್ಟು, ಪೈಪಿನ ಕಡೆ ತಿರುಗಿದರು. ಕಟ್ಟೆ ಓರೆಯಾಗಿತ್ತು. ಕೊಡ ವಾಲಿತು. ಯೋಚಿಸಲಿಲ್ಲ, ಕೈ ಚಾಚಿದೆ. ಬಲಗೈ ಬೆರಳುಗಳು ಕೊಡದ ಬಾಯಿಯನ್ನು ಹಿಡಿದವು. ಒಂದು ಹನಿ ಚೆಲ್ಲಲಿಲ್ಲ. ನೆಟ್ಟಗೆ ನಿಲ್ಲಿಸಿದೆ.

ಮಾಸ್ಟರು ತಿರುಗಿ ನೋಡಿದರು. ಪೈಪನ್ನು ಡ್ರೈವರನ ಕೈಗೆ ಕೊಟ್ಟರು. ಬಂದು, ಕೊಡ ಎತ್ತಿ, ಎರಡು ಹೆಜ್ಜೆ ನಡೆದು, ಸುರಿದರು. ಅವಸರವಿರಲಿಲ್ಲ. ನಾನು ಬೀಳದಂತೆ ಹಿಡಿದ ನೀರು ಪೂರ್ತಿ ಹೋಗುವವರೆಗೂ ಬಗ್ಗಿಯೇ ಇದ್ದರು. ಆಮೇಲೆ ನನ್ನ ಕಡೆ ನೋಡಿ, "ತಪ್ಪಾ ನೆನೈಕ್ಕಾದೀಂಗ ಸಾರ್, ವೀಟ್ಲ ಕೊಳಂದೈಂಗ ಇರುಕ್ಕು," ಎಂದರು. ತಪ್ಪು ತಿಳಿಯಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ. ಮಗು ಇರೋ ಮನೆ ನೋಡು. ನನ್ನ ತಾಯಿಯ ಮಾತು, ಇನ್ನೊಂದು ಭಾಷೆಯಲ್ಲಿ.

ನಾನು ಏನು ಹೇಳಿದೆ ಎಂದು ಬರೆಯಬೇಕು. "ಪರವಾಯಿಲ್ಲ ಸಾರ್" ಎಂದೆ. ಪರವಾಗಿಲ್ಲ ಎಂದೆ. ಆರು ವರ್ಷದಿಂದ ನನ್ನ ಸಿಟ್ಟು ಸುತ್ತುತ್ತಿರುವುದು ಆ ಎರಡು ಶಬ್ದದ ಸುತ್ತ.

ವಿಮಲಾ ಸಾಲು ದಾಟಿ ಬಂದಳು. "ಬಿಚ್ರೀ ಅದನ್ನ."

"ವಿಮಲಾ, ಬೇಡ. ಮನೆಗೆ ಹೋಗಣ."

"ಆ ಗ್ಲೌಸ್ ಬಿಚ್ರೀ ಅಂದೆ. ಏನ್ ಕಳ್ಳತನ ಮಾಡಿದೀರ ಅಂತ ಕೈ ಮುಚ್ಕೊಂಡ್ ನಿಂತಿದೀರ?"

ನಾನು ಬಿಚ್ಚಲಿಲ್ಲ. ಅವಳೇ ಎಳೆದಳು. ಬಟ್ಟೆ ಸೀಳಿಗೆ ಅಂಟಿಕೊಂಡಿತ್ತು, ರಕ್ತ ಬಂತು. ಎಲ್ಲರೂ ನನ್ನ ಕೈ ನೋಡಿದರು. ಲಲಿತಾ ಮಾಮಿ ಮುಖ ತಿರುಗಿಸಿದರು.

ಆಗ ಪಚ್ಚೈಯಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಅದರ ಸದ್ದು ನನಗೆ ನೆನಪಿದೆ. ಗಾಡಿಯ ಹಿಂದಿನಿಂದ ಬಂದು ಮಾಸ್ಟರ ಎದುರು ನಿಂತು ಎರಡೂ ಅಂಗೈ ಚಾಚಿದಳು.

"ಅಂಜು ವರುಷಮಾ ಇವುರು ಸಟ್ಟೈಯ ನಾಂದಾ ತೇಕ್ಕುರೇನ್," ಎಂದಳು. ಐದು ವರ್ಷದಿಂದ ಇವರ ಅಂಗಿ ಇಸ್ತ್ರಿ ಮಾಡುವವಳು ನಾನೇ. ಆಮೇಲಿನದು ವೇಗವಾಗಿ ಬಂತು. ನನ್ನ ಮಾತಿನಲ್ಲಿ ಬರೆಯುತ್ತೇನೆ. "ಒಳಗಡೆ ಪುಡಿ ಪುಡಿಯಾಗಿ ಇರುತ್ತೆ. ಕೊಡವೋದು ಯಾರು? ಈ ಕೈ. ನೋಡು ಮಾಸ್ಟರ್, ಈ ಕೈಗೆ ಏನಾಗಿದೆ? ಸುಟ್ಟ ಗಾಯ ಇದೆ, ಅದು ನಿನ್ನ ಪ್ಯಾಂಟಿನ ಕ್ರೀಸಿಗೆ. ಇವರ ಅಂಗಿ ಆದ ಮೇಲೆ ಅದೇ ಕೈಯಲ್ಲಿ ನಿನ್ನ ಮೊಮ್ಮಕ್ಕಳ ಯೂನಿಫಾರಂ ಮಾಡ್ತೀನಿ. ಐದು ವರ್ಷದಿಂದ. ಅದನ್ನೂ ಚರಂಡಿಗೆ ಹಾಕ್ತೀಯಾ?"

ಯಾರೋ ನಕ್ಕು, ನಿಲ್ಲಿಸಿದರು.

ಅವಳಿಗೆ ಉತ್ತರ ಕೊಡುವ ಅಭ್ಯಾಸವೇ ಮಾಸ್ಟರಿಗಿರಲಿಲ್ಲ. ಖಾಲಿ ಕೊಡ ಹಿಡಿದುಕೊಂಡು ಮೆಟ್ಟಿಲ ಕಡೆ ನಡೆದರು. ಲಾರಿಯ ಡ್ರೈವರು ಪೈಪು ಹಿಡಿದು ಇದನ್ನೆಲ್ಲ ನೋಡುತ್ತಿದ್ದ. ಸಾಲಿನಲ್ಲಿ ಇನ್ನೂ ಎರಡು ಮನೆಯ ಕೊಡಗಳಿದ್ದವು. ಅವನ್ನು ಬಿಟ್ಟು ನೇರ ನನ್ನ ಹತ್ತಿರ ಬಂದ. "ಪುಡೀಂಗ ಸಾರ್," ಹಿಡಿಯಿರಿ ಎಂದು, ಪೈಪನ್ನು ನನ್ನ ಬರಿಗೈಗೆ ಕೊಟ್ಟ. ಕೊಡುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು, ತೆಗೆಯಲಿಲ್ಲ. ನೀರು ಸೀಳುಗಳಿಗೆ ಉರಿಯಿತು. ನಮ್ಮ ನಾಲ್ಕು ಕೊಡ ತುಂಬಿಸಿದೆ. ಮಿಕ್ಕಿದ್ದನ್ನು ಬಿಟ್ಟುಹೋದ ಆ ಎರಡು ಮನೆಯ ಕೊಡಗಳಿಗೆ ತುಂಬಿಸಿದೆ. ಅವರು ತೆಗೆದುಕೊಂಡು ಹೋದರು. ಮನೆಗೆ ಹೋಗಿ ಚೆಲ್ಲಿದರೋ ಏನೋ, ನಾನು ನೋಡಿಲ್ಲ. ನೋಡದ್ದನ್ನು ಬರೆಯುವುದಿಲ್ಲ.

ಆ ಬೆಳಿಗ್ಗೆ ಎರಡು ಕೊಡ ನೀರಿನ ಮುಂದೆ ಬಚ್ಚಲಲ್ಲಿ ಕೂತೆ. ಚೊಂಬು ಎತ್ತಲಾಗಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಇದೊಂದು ಹೊತ್ತನ್ನು ನಾನು ಗುರುತು ಹಾಕಿಕೊಂಡಿಲ್ಲ. ವಿಮಲಾ ಹೊರಗಿನಿಂದ, "ನೀರು ಆರತ್ತೆ, ಹೊಯ್ಕೊಳ್ರೀ," ಎಂದಳು. ಹೊಯ್ದುಕೊಂಡೆ. ಹೊರಗೆ ಬಂದಾಗ ಮುಲಾಮಿನ ಡಬ್ಬಿ ಹಿಡಿದು ಅಂಜನಾ ನಿಂತಿದ್ದಳು. ಮುಖ ಗಂಟು ಹಾಕಿಕೊಂಡಿತ್ತು.

"ತಿರುಂಬುಂಗ," ಎಂದಳು. ತಿರುಗಿ ಎಂದು.

"ಬೇಡ ಮರೀ..."

"ತಿರುಗಿ ಅಪ್ಪಾ," ಎಂದಳು ಕನ್ನಡದಲ್ಲಿ.

ತಿರುಗಿದೆ. ಹಚ್ಚಿದಳು. ರೋಲರಿನ ಸದ್ದು ಮಾಡಲಿಲ್ಲ. ಅಡುಗೆಮನೆಗೆ ಹೋದಾಗ ಕಟ್ಟೆಯ ಮೇಲೆ ನನ್ನ ಲೋಟವಿರಲಿಲ್ಲ. ಸ್ಟ್ಯಾಂಡಿನಲ್ಲಿ ಬೇರೆ ಲೋಟಗಳ ಜೊತೆ ಬೋರಲು ಹಾಕಿತ್ತು. ಈ ಸಲ ನಾನು ತೆಗೆಯಲಿಲ್ಲ.

ಮುಂದಿನ ಲಾರಿಯ ದಿನ ನಮ್ಮ ಕೊಡಗಳು ಸಾಲಿನ ಮೊದಲಿಗೆ, ಪಚ್ಚೈಯಮ್ಮನ ಎರಡು ಕೊಡಗಳ ಪಕ್ಕ ಇದ್ದವು. ಅವಳೇ ತಂದಿಟ್ಟಿದ್ದಳು. ಯಾರು ಸರಿಸುತ್ತಾರೋ ನೋಡುತ್ತೇನೆ ಎಂದು ಗಾಡಿಯ ಹಿಂದಿನಿಂದ ಗಟ್ಟಿಯಾಗಿ ಹೇಳಿದಳು. ಯಾರೂ ಸರಿಸಲಿಲ್ಲ. ಎರಡು ಕೊಡ ದಿನವೂ ಸಿಕ್ಕಿತು. ಮಳೆ ಬಂದು ನಲ್ಲಿ ತಿರುಗಿ ಶುರುವಾಗುವವರೆಗೂ ಸಿಕ್ಕಿತು. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲಿನ ಗೆರೆ ಮಾತ್ರ ಹಾಗೇ ಇತ್ತು. ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕಾಗದ ಹಳದಿಯಾಗಿ ಉದುರಿಹೋಯಿತು. ಮಾಸ್ಟರು ಮೆಟ್ಟಿಲಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ. ಎರಡು ವರ್ಷದ ಹಿಂದೆ ತೀರಿಕೊಂಡರು. ಹೋಗಿ ನೋಡಿ ಬಂದೆ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳಿದರು. ಇರಬಹುದು. ನಾನು ಕ್ಷಮಿಸಿಲ್ಲ. ಅವರು ಕೇಳಿಯೂ ಇರಲಿಲ್ಲ.

ಕಾಯಿಲೆ ನನ್ನ ಜೊತೆಗೇ ಇದೆ. ಕೆಲವು ತಿಂಗಳು ತಣ್ಣಗಿರುತ್ತದೆ, ಕೆಲವು ತಿಂಗಳು ಕೆರಳುತ್ತದೆ. ಈಗ ಅರ್ಧ ತೋಳಿನ ಅಂಗಿ ಹಾಕುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಎದ್ದುಹೋದರೆ ಕಾಲು ಚಾಚಿ ಕೂರುತ್ತೇನೆ. ಇದನ್ನು ಓದುತ್ತಿರುವ ಯಾರಾದರೂ ಈ ಸೆಕೆಯಲ್ಲಿ ತುಂಬುತೋಳು ಹಾಕಿಕೊಂಡಿದ್ದರೆ, ಅವರ ಲೋಟ ಬೇರೆ ಇದ್ದರೆ, ಅದನ್ನು ಬೇರೆ ಇಟ್ಟವರು ತಾವೇ ಆಗಿದ್ದರೆ, ಅವರಿಗಾಗಿ ಈ ಹೇಳಿಕೆ. ಪರವಾಗಿಲ್ಲ ಎಂದು ಮಾತ್ರ ಹೇಳಬೇಡಿ.

ಆ ಬೆಳಿಗ್ಗೆ ಇದನ್ನು ಕಂಡು ಇಂದಿಗೂ ಬದುಕಿರುವವರು: ನನ್ನ ಹೆಂಡತಿ ವಿಮಲಾ. ಮೂರನೇ ಮಹಡಿಯ ಲಲಿತಾ ಮಾಮಿ. ಈಗ ಬೆಸೆಂಟ್ ನಗರದಲ್ಲಿ ಮಗನ ಜೊತೆಗಿದ್ದಾರೆ, ಕೇಳಿದರೆ ನೆನಪಿಲ್ಲ ಎನ್ನುತ್ತಾರೆ. ಲಾರಿಯ ಡ್ರೈವರು, ಹೆಸರು ಕೇಳಿಕೊಳ್ಳಲಿಲ್ಲ, ಬದುಕಿದ್ದಾನೆ ಎಂದು ನಂಬಿದ್ದೇನೆ. ಪಚ್ಚೈಯಮ್ಮ, ಅದೇ ಗೇಟು, ಅದೇ ಗಾಡಿ, ನನ್ನ ಅಂಗಿಗಳು ಈಗಲೂ ಅವಳ ಹತ್ತಿರವೇ ಹೋಗುತ್ತವೆ. ಮತ್ತು ನನ್ನ ಮಗಳು ಅಂಜನಾ, ಆಗ ಹತ್ತು ವರ್ಷದವಳು. ನಮ್ಮ ಬಾಲ್ಕನಿಯ ಕಂಬಿ ಹಿಡಿದು, ಮೊದಲಿನಿಂದ ಕೊನೆಯವರೆಗೂ ನಿಂತಿದ್ದಳಂತೆ. ಮಾಸ್ಟರು ಸುರಿದದ್ದನ್ನು ನೋಡಿದ್ದಾಳೆ. ಅಪ್ಪ ಪರವಾಗಿಲ್ಲ ಎಂದದ್ದನ್ನೂ ಕೇಳಿದ್ದಾಳೆ.